ಎಲಿಜಬೆತ್ ಸಿಡಾಲ್: ಮಗ್ಗದ ಮುಂದೆ ಕೂತ ಹೆಣ್ಣು



ಜಾನ್ ಎವರೆಟ್ ಮಿಲೇ ಬರೆದ ‘ಒಫೀಲಿಯಾ’ ಚಿತ್ರ ಲಂಡನ್ನಿನ ಟೇಟ್ ಬ್ರಿಟನ್ ಗ್ಯಾಲರಿಯಲ್ಲಿದೆ. ಹೊಳೆಯಲ್ಲಿ ತೇಲುತ್ತಿರುವ ಆ ಹೆಣ್ಣಿಗೆ ಮಾದರಿಯಾದವರು ಎಲಿಜಬೆತ್ ಸಿಡಾಲ್. ಟೋಪಿ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗಿ. 1852ರ ಚಳಿಗಾಲದಲ್ಲಿ ನೀರು ತುಂಬಿದ ತೊಟ್ಟಿಯೊಳಗೆ ಮಲಗಿದರು. ನೀರನ್ನು ಬೆಚ್ಚಗಿಡಲು ಕೆಳಗಿಟ್ಟಿದ್ದ ದೀಪಗಳು ಆರಿಹೋದವು. ಬರೆಯುವುದರಲ್ಲೇ ಮುಳುಗಿದ್ದ ಮಿಲೇಗೆ ಅದರ ಪರಿವೆ ಇರಲಿಲ್ಲ; ಈಕೆಯೂ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಮಗಳು ಕಾಯಿಲೆ ಬಿದ್ದಾಗ, ವೈದ್ಯರ ಖರ್ಚನ್ನು ನೀವೇ ಕೊಡಿ ಎಂದು ತಂದೆ ಪಟ್ಟು ಹಿಡಿದರು.

ಈ ಕಥೆ ಎಲ್ಲರ ಬಾಯಲ್ಲೂ ಇದೆ. ಆದರೆ ಅದೇ ಸಿಡಾಲ್ ಕುಂಚ ಹಿಡಿದದ್ದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಅವರಿಗೆ ಪಾಠ ಹೇಳಿದವರು ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿ. 1860ರಲ್ಲಿ ಅವರನ್ನೇ ಮದುವೆಯಾದರು.

1853ರಲ್ಲಿ ಸಿಡಾಲ್ ಲೇಖನಿ ಮತ್ತು ಶಾಯಿಯಲ್ಲಿ ಬರೆದ ಒಂದು ಚಿತ್ರ ನೋಡೋಣ. ವಸ್ತು ಕವಿ ಟೆನಿಸನ್ನನ ‘ಶಾಲಟ್‌ನ ಮಹಿಳೆ’ ಕವನ. ಶಾಪಗ್ರಸ್ತೆಯಾದ ಆಕೆ ಲೋಕವನ್ನು ಕನ್ನಡಿಯಲ್ಲಷ್ಟೇ ಕಾಣಬೇಕು, ಕಂಡದ್ದನ್ನು ನೇಯಬೇಕು. ವೀರ ಲಾನ್ಸಲಾಟ್ ಹಾದುಹೋದಾಗ ತಡೆಯಲಾರದೆ ನೇರವಾಗಿ ನೋಡಿಬಿಡುತ್ತಾಳೆ. ಮುಂದೆ 1857ರಲ್ಲಿ ಅಚ್ಚಾದ ಕಲಾವಿದ ಹೋಲ್ಮನ್ ಹಂಟ್ ಅವರ ಚಿತ್ರದಲ್ಲಿ ಈ ಗಳಿಗೆ ದೊಡ್ಡ ರಂಪ: ಕೂದಲು ಕೆದರಿದೆ, ನೂಲು ಮೈಗೆಲ್ಲ ಸುತ್ತಿಕೊಂಡಿದೆ. ಸಿಡಾಲ್ ಚಿತ್ರದಲ್ಲೂ ಕನ್ನಡಿ ಬಿರುಕು ಬಿಟ್ಟಿದೆ, ಮಗ್ಗದ ಎಳೆಗಳು ಹಾರಿವೆ. ಆದರೂ ಆಕೆ ಕೂತಲ್ಲೇ ಕೂತು, ಕಿಟಕಿಯತ್ತ ಕತ್ತು ಹೊರಳಿಸಿದ್ದಾಳೆ, ಅಷ್ಟೆ. ಅಂಜಿಕೆಯಿಲ್ಲ, ಅಂಗಲಾಚುವಿಕೆಯಿಲ್ಲ. ನೋಡಬೇಕೆನಿಸಿತು, ನೋಡಿದಳು.

1856ರಲ್ಲಿ ಸಿಡಾಲ್ ಬರೆದ ಜಲವರ್ಣವೊಂದರಲ್ಲಿ ಯುದ್ಧಕ್ಕೆ ಹೊರಟ ವೀರನ ಭರ್ಜಿಗೆ ಹೆಣ್ಣೊಬ್ಬಳು ಕೆಂಪು ಪತಾಕೆ ಜೋಡಿಸುತ್ತಿದ್ದಾಳೆ. ಅಗಲಿಕೆಯ ಹೊತ್ತು, ಆದರೆ ಕಣ್ಣೀರಿಲ್ಲ. ಇಬ್ಬರ ಗಮನವೂ ಕೈಗೆಲಸದ ಮೇಲಿದೆ. ಗಂಟೆಗಟ್ಟಲೆ ಅಲುಗಾಡದೆ ಇನ್ನೊಬ್ಬರ ನೋಟಕ್ಕೆ ಒಡ್ಡಿಕೊಂಡವರು ತಮ್ಮ ಹೆಂಗಸರನ್ನು ಸುಮ್ಮನೆ ಕೂರಿಸಲಿಲ್ಲ, ಅವರಿಗೆ ಕೆಲಸ ಕೊಟ್ಟರು, ದೃಷ್ಟಿ ಕೊಟ್ಟರು. ಸಿಡಾಲ್ ಕಲೆಯ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲೇ.

ಅವರ ಆಕೃತಿಗಳು ಕೆಲವೊಮ್ಮೆ ಬಿಗಿಯಾಗಿವೆ, ಅಂಗಗಳ ಅಳತೆ ತಪ್ಪುವುದೂ ಉಂಟು. ಕಲಾಶಾಲೆಯ ದೀರ್ಘ ತರಬೇತಿ ಅವರಿಗೆ ಸಿಕ್ಕಿರಲಿಲ್ಲ. ಹಾಗಿದ್ದೂ ವಿಮರ್ಶಕ ಜಾನ್ ರಸ್ಕಿನ್ 1855ರಲ್ಲಿ ಅವರ ಚಿತ್ರಗಳಿಗಾಗಿ ವರ್ಷಕ್ಕೆ 150 ಪೌಂಡ್ ಕೊಡಲು ಮುಂದಾದರು. 1857ರಲ್ಲಿ ಲಂಡನ್ನಿನ ರಸೆಲ್ ಪ್ಲೇಸ್‌ನಲ್ಲಿ ನಡೆದ, ಮಿಲೇ, ಹಂಟ್, ರೊಸೆಟ್ಟಿಯವರ ಪ್ರಿ-ರಾಫಲೈಟ್ ಬಳಗದ ಪ್ರದರ್ಶನದಲ್ಲಿ ಪಾಲ್ಗೊಂಡ ಏಕೈಕ ಮಹಿಳೆ ಅವರು.

1862ರಲ್ಲಿ, 32ರ ವಯಸ್ಸಿಗೇ, ಅಫೀಮು ಬೆರೆತ ಲಾಡನಮ್ ಅತಿಯಾಗಿ ಸೇವಿಸಿ ತೀರಿಕೊಂಡರು. ಆ ದುರಂತ ಅವರ ಚಿತ್ರಗಳಿಗಿಂತ ಹೆಚ್ಚು ಪ್ರಸಿದ್ಧವಾಯಿತು. ಅನುಕಂಪ ಸಾಕಷ್ಟು ಸಿಕ್ಕಿದೆ. ಕಲಾವಿದೆಗೆ ಇನ್ನು ಸಲ್ಲಬೇಕಾದದ್ದು ಅವರ ಗೆರೆಗಳ ಗುಣದೋಷಗಳ ಚರ್ಚೆ.