ಹದಿಹರೆಯದ ಮೆದುಳು ಮತ್ತು ನಮ್ಮ ಹೊಣೆ

(ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ವಿಚಾರವಾಗಿ ನಾವು ಈ ಕೂಟದಲ್ಲಿ ಅನೇಕ ಸಲ ಚರ್ಚಿಸಿದ್ದೇವೆ. ಇಂದು ನಮ್ಮ ನಮ್ಮ ಮನೆಗಳಲ್ಲಿ ಮೀಸೆ ಚಿಗುರುತ್ತಿರುವ ಹುಡುಗರ, ಅವರ ಅಕ್ಕತಂಗಿಯರ ವಿಚಾರವನ್ನು ಎತ್ತಿಕೊಂಡಿದ್ದೇವೆ. ಇದು ರಾಜಕೀಯಕ್ಕೆ ಹೊರಗಿನ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. 2011ರ ಜನಗಣತಿಯಂತೆ ಹತ್ತರಿಂದ ಹತ್ತೊಂಬತ್ತು ವರ್ಷದವರು ಭಾರತದಲ್ಲಿ 25 ಕೋಟಿಗೂ ಮಿಕ್ಕಿದ್ದರು. ಐವರಲ್ಲಿ ಒಬ್ಬರೆಂದಾಯಿತು. ಇವರ ಗತಿ ಏನೆಂಬುದೇ ನಾಳಿನ ದೇಶದ ಗತಿ.

ಇವರ ಮೇಲೆ ನಾವು ಹೊರಿಸುವ ದೂರುಗಳು ಎಲ್ಲರಿಗೂ ಬಾಯಿಪಾಠ. ರಾತ್ರಿ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ, ಮಾತಿಗೆ ಮುಂಚೆ ಸಿಟ್ಟು, ಗೆಳೆಯರು ಸಿಕ್ಕರೆ ಮೋಟಾರು ಸೈಕಲ್ಲಿನ ಮೇಲೆ ಜೀವದ ಪರಿವೆ ಇಲ್ಲ. ಸೋಮಾರಿ, ಪೋಲಿ ಎಂದು ಬೈದು ಕೈ ತೊಳೆದುಕೊಳ್ಳುತ್ತೇವೆ. ವಿಜ್ಞಾನ ಈ ವಿಷಯದಲ್ಲಿ ಹೇಳುವುದನ್ನು ಸ್ವಲ್ಪ ಕೇಳೋಣ.

ಆರು ವರ್ಷಕ್ಕೆ ಮಗುವಿನ ಮೆದುಳು ಗಾತ್ರದಲ್ಲಿ ಬಹುಮಟ್ಟಿಗೆ ದೊಡ್ಡವರ ಮೆದುಳಿನಷ್ಟೇ ಆಗಿರುತ್ತದೆ. ಆದ್ದರಿಂದ ಬೆಳವಣಿಗೆ ಅಲ್ಲಿಗೆ ಮುಗಿಯಿತೆಂದು ಬಹುಕಾಲ ನಂಬಲಾಗಿತ್ತು. ಎಂ.ಆರ್.ಐ. ಯಂತ್ರ ಬಂದ ಮೇಲೆ ಜೀವಂತ ಮೆದುಳನ್ನು ನೋವಿಲ್ಲದೆ ನೋಡುವುದು ಸಾಧ್ಯವಾಯಿತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಡಾ. ಜೇ ಗೀಡ್ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳ ಮೆದುಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿಹರೆಯದಲ್ಲಿ ಮೆದುಳಿನ ಒಳಗೆ ದೊಡ್ಡ ಕೆಲಸವೇ ನಡೆದಿರುತ್ತದೆಂದು ಆಗ ತಿಳಿದುಬಂತು.

ಮಗ್ಗ ಬಲ್ಲ ನಿಮಗೆ ಇದನ್ನು ಹೇಳುವುದು ಸುಲಭ. ನರಕೋಶಗಳ ನಡುವೆ ಬಾಲ್ಯದಲ್ಲಿ ಬೇಕಾದುದಕ್ಕಿಂತ ಹೆಚ್ಚು ಎಳೆಗಳು ಕೂಡಿಕೊಂಡಿರುತ್ತವೆ. ಈ ವಯಸ್ಸಿನಲ್ಲಿ, ಬಳಸಿದ ಎಳೆಗಳು ಗಟ್ಟಿಯಾಗಿ ಉಳಿಯುತ್ತವೆ, ಬಳಸದವು ಉದುರಿಹೋಗುತ್ತವೆ. ಉಳಿದವುಗಳ ಮೇಲೆ ಕೊಬ್ಬಿನ ಹೊದಿಕೆ ಬೆಳೆದು ಸುದ್ದಿ ವೇಗವಾಗಿ ಹರಿಯುತ್ತದೆ. ಮುಂದಾಲೋಚನೆಗೂ ಸಂಯಮಕ್ಕೂ ಆಧಾರವಾದ, ಹಣೆಯ ಹಿಂದಿನ ಭಾಗ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತೈದರ ಆಸುಪಾಸಿಗೆ, ಬಲಿಯುತ್ತದೆ. ಉತ್ಸಾಹ ಉದ್ರೇಕಗಳ ಭಾಗಗಳಾದರೋ ಮೊದಲೇ ಚುರುಕಾಗಿಬಿಟ್ಟಿರುತ್ತವೆ. ಗಾಡಿಗೆ ವೇಗ ಬಂದಿದೆ, ಬ್ರೇಕು ಇನ್ನೂ ಪಳಗಿಲ್ಲ.

ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ವಿಜ್ಞಾನಿಗಳು 2005ರಲ್ಲಿ ಕಾರು ಓಡಿಸುವ ಒಂದು ಆಟದ ಪರೀಕ್ಷೆಯನ್ನು ವರದಿ ಮಾಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ನಿದ್ದೆಯ ಕತೆಯೂ ಹೀಗೆಯೇ. ನಿದ್ದೆಗೆ ಕರೆಕೊಡುವ ಮೆಲಟೋನಿನ್ ಎಂಬ ರಸ ಈ ವಯಸ್ಸಿನಲ್ಲಿ ತಡವಾಗಿ ಸುರಿಯುತ್ತದೆ. ದೇಹಕ್ಕೆ ಮಾತ್ರ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಇದನ್ನು ಮನಗಂಡು ಕ್ಯಾಲಿಫೋರ್ನಿಯ ರಾಜ್ಯ 2019ರಲ್ಲಿ ಕಾನೂನು ಮಾಡಿತು. 2022ರಿಂದ ಅಲ್ಲಿನ ಬಹುಪಾಲು ಸರ್ಕಾರಿ ಹೈಸ್ಕೂಲುಗಳು ಬೆಳಿಗ್ಗೆ ಎಂಟೂವರೆಗೆ ಮುಂಚೆ ಪಾಠ ಆರಂಭಿಸುವಂತಿಲ್ಲ. ನಮ್ಮಲ್ಲಿ ಐದಕ್ಕೆ ಟ್ಯೂಷನ್ನು!

ಇಲ್ಲಿ ವರ್ಗದ ಪ್ರಶ್ನೆ ಬರುತ್ತದೆ. ಸಿರಿವಂತನ ಮಗನ ಮೆದುಳೂ ನಮ್ಮ ಮಗನ ಮೆದುಳೂ ಒಂದೇ ಬಗೆಯಲ್ಲಿ ಬೆಳೆಯುತ್ತವೆ. ಆದರೆ ಆತ ಪರೀಕ್ಷೆಯಲ್ಲಿ ಬಿದ್ದರೆ ಮನೆಗೆ ಮಾಸ್ತರು ಬರುತ್ತಾರೆ, ಕಾರು ಗುದ್ದಿದರೆ ವಕೀಲರು ಬರುತ್ತಾರೆ. ನಮ್ಮವನು ಎಸ್.ಎಸ್.ಎಲ್.ಸಿ.ಯಲ್ಲಿ ಬಿದ್ದರೆ ಮರುವಾರವೇ ಗ್ಯಾರೇಜಿಗೆ. ತಪ್ಪು ಮಾಡಿ ತಿದ್ದಿಕೊಳ್ಳುವ ಕಾಲಾವಕಾಶವೂ ಒಂದು ಆಸ್ತಿಯೇ, ಅದರ ಹಂಚಿಕೆಯಲ್ಲೂ ಅನ್ಯಾಯವಿದೆ. 2016ರ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು ಹದಿನಾಲ್ಕರಿಂದ ಹದಿನೆಂಟರವರಿಗೆ ಅಪಾಯಕಾರಿ ಕೆಲಸಗಳನ್ನು ಮಾತ್ರ ನಿಷೇಧಿಸುತ್ತದೆ; ಉಳಿದ ಬಾಗಿಲುಗಳು ತೆರೆದೇ ಇವೆ. ವ್ಯಾಪಾರಿ ಮಿತ್ರರು ಬೇಸರಿಸಬಾರದು. ಸ್ವಂತ ಮಗನನ್ನು ಕಾಲೇಜಿಗೆ ಕಳಿಸಿ, ಪರರ ಮಗನನ್ನು ರಾತ್ರಿ ಹತ್ತರ ತನಕ ಅಂಗಡಿಯಲ್ಲಿ ನಿಲ್ಲಿಸಿಕೊಂಡು ಸಮಾಜವಾದ ಮಾತಾಡುವುದು ಹೇಗೆ?

ಬ್ರೇಕು ಪಳಗದವರಿಗೆ ಮತವೇಕೆ ಎಂದು ಕೇಳುವವರೂ ಇದ್ದಾರೆ. 1989ರಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು ಸರಿಯೇ ಆಯಿತು. ಶಾಂತವಾಗಿ ಕುಳಿತು ತೂಗಿ ನೋಡುವ ಶಕ್ತಿ ಹದಿನಾರರ ಹೊತ್ತಿಗೆ ದೊಡ್ಡವರ ಹತ್ತಿರಕ್ಕೆ ಬಂದಿರುತ್ತದೆ. ಎಡವುವುದು ಆವೇಶದಲ್ಲಿ, ಗೆಳೆಯರ ಗದ್ದಲದಲ್ಲಿ. ಮತ ಹಾಕುವುದು ದಿನಗಟ್ಟಲೆ ಯೋಚಿಸಿ ಮಾಡಬಹುದಾದ ಕೆಲಸ. ಬಳಸಿದ ಎಳೆಯೇ ಗಟ್ಟಿಯಾಗುವುದಾದರೆ, ಹೊಣೆ ಹೊತ್ತವನೇ ಹೊಣೆಗಾರನಾಗುತ್ತಾನೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲು ಹೊಡೆತ ನಿಲ್ಲಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತೇವೆ. ಈ ಗಿಡ ಇಪ್ಪತ್ತು ದಾಟಿದರೂ ಹಸಿಯಾಗಿಯೇ ಇರುತ್ತದೆ, ಬಗ್ಗಿಸುವ ಆತುರದಲ್ಲಿ ಮುರಿಯಕೂಡದು. ಮಕ್ಕಳ ನಿದ್ದೆಯನ್ನು ಕಾಯೋಣ, ಮಲಗುವಾಗ ಮೊಬೈಲು ನಮ್ಮ ಕೈಯಲ್ಲೂ ಇಲ್ಲದಿರಲಿ. ಮನೆಯ ಖರ್ಚಿನ ಲೆಕ್ಕ, ಸಂಘದ ಸಭೆಯ ಏರ್ಪಾಡು ಇಂಥವನ್ನು ಮಗಳಿಗೂ ಮಗನಿಗೂ ವಹಿಸಿಕೊಡೋಣ. ಮಗು ವಾರಗಟ್ಟಲೆ ಮಂಕಾಗಿದ್ದರೆ, ಸಾಯುವ ಮಾತಾಡಿದರೆ, ಅದನ್ನು ನಾಟಕವೆನ್ನಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲುರಾತ್ರಿ ಕಾಸಿಲ್ಲದೆ ಫೋನು ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಇಷ್ಟು ನಮ್ಮ ಮನೆಯ ಕೆಲಸ. ಬೀದಿಗಿಳಿದು ಕೇಳಬೇಕಾದುದೂ ಇದೆ. ಪ್ರತಿ ಹೈಸ್ಕೂಲಿಗೆ ಮಕ್ಕಳ ಮನಸ್ಸನ್ನು ಬಲ್ಲ ಒಬ್ಬ ಸಲಹೆಗಾರ, ಪ್ರತಿ ಬಡಾವಣೆಗೆ ಆಟದ ಬಯಲು ಮತ್ತು ದೀಪವಿರುವ ವಾಚನಾಲಯ, ಹದಿನೆಂಟರೊಳಗಿನ ಯಾರಿಗೂ ರಾತ್ರಿ ಪಾಳಿ ಇಲ್ಲವೆಂಬ ಕಟ್ಟುನಿಟ್ಟು. ಎಂಟು ಗಂಟೆಯ ದುಡಿಮೆಯ ಹಕ್ಕನ್ನು ದುಡಿಯುವ ಜನ ಹೋರಾಡಿ ಪಡೆದರು. ಮಕ್ಕಳಿಗೆ ಬೆಳೆಯುವ ಹಕ್ಕನ್ನೂ ಹೋರಾಡಿಯೇ ಪಡೆಯಬೇಕಾಗಿದೆ. ಮುಂದಿನ ಸಭೆಗೆ ನಿಮ್ಮ ಮಕ್ಕಳನ್ನೂ ಕರೆತನ್ನಿ. ಅವರ ಮಾತನ್ನೂ ಕೇಳೋಣ.