ಜೂನ್ 5 ಎಣಿಕೆಯ ದಿನವಾಗಲಿ

ಚಿತ್ರದುರ್ಗ ಜಿಲ್ಲೆಯ ಶಾಲಾ ಪರಿಸರ ಶಿಕ್ಷಕರ ಸಂಘದ ಈ ಸಮಾವೇಶಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದೀರಿ.

ನಾನು ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದಾಗ, ಒಂದು ಜೂನ್ 5ರ ಪರಿಸರ ದಿನದ ಬೆಳಿಗ್ಗೆ, ಗುಂಡಿ ಕೆದಕುತ್ತಿದ್ದ ಆರನೇ ತರಗತಿಯ ಹುಡುಗಿ ನನ್ನನ್ನು ಕೂಗಿ ಕರೆದಳು: "ಸಾರ್, ಹೋದ ವರ್ಷದ ಗಿಡ ಇಲ್ಲೇ ಐತೆ." ಹೋಗಿ ನೋಡಿದೆ. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ, ಒಳಗೆ ಕಲ್ಲಿನಂತಾದ ಮಣ್ಣಿನ ಹೆಂಟೆ, ಹೊರದಾರಿ ಕಾಣದೆ ಸುತ್ತಿ ಸುತ್ತಿ ಒಣಗಿದ ಹೊಂಗೆಯ ಬೇರು. ಹಿಂದಿನ ವರ್ಷ ಫೋಟೊ ತೆಗೆಸುವ ಗಡಿಬಿಡಿಯಲ್ಲಿ ಚೀಲ ಹರಿಯದೆಯೇ ಸಸಿ ಇಳಿಸಿ ಮಣ್ಣು ಮುಚ್ಚಿದ್ದೆವು. ಗಿಡ ಸತ್ತಿತ್ತು, ಚೀಲ ಹಾಗೇ ಇತ್ತು. ಆ ತಪ್ಪು ನನ್ನದು. ಆ ಹುಡುಗಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಆಮೇಲಿನ ನನ್ನ ಜಗಳಗಳೆಲ್ಲ ಆ ಗುಂಡಿಯಿಂದಲೇ ಎದ್ದವು.

ಮೊದಲನೆಯದು ತಾರೀಖಿನ ಜಗಳ. ಮುಂಗಾರು ವಾಡಿಕೆಯಂತೆ ಕೇರಳಕ್ಕೆ ಕಾಲಿಡುವುದೇ ಜೂನ್ 1ಕ್ಕೆ. ನಾಲ್ಕು ದಿನ ಕಳೆಯುವುದರೊಳಗೆ ಚಳ್ಳಕೆರೆಯಲ್ಲಿ, ಮೊಳಕಾಲ್ಮೂರಿನಲ್ಲಿ ನಾವು ಸಸಿ ನೆಟ್ಟು ಮುಗಿಸಿರುತ್ತೇವೆ. ಅದಿನ್ನೂ ರೋಹಿಣಿ ಮಳೆಯ ಕಾಲ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮದು ಮಳೆ ನೆರಳಿನ ಸೀಮೆ. ನೆಲದ ಬಾಯಾರಿಕೆ ತೀರುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ. ಕಡಲೆಕಾಯಿ ಬಿತ್ತುವ ಯಾವ ರೈತನೂ ನೆಲ ಹದವಾಗದೆ ಬೀಜ ಇಡುವುದಿಲ್ಲ. ಅವನ ಮಕ್ಕಳಿಗೆ ಪಾಠ ಹೇಳುವ ನಾವು ಮಾತ್ರ ಕ್ಯಾಲೆಂಡರ್ ನೋಡಿ ನೆಡುತ್ತೇವೆ.

ಎರಡನೆಯದು ಬೇಸಿಗೆ. ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ತೆಗೆಯುವುದು ಮೇ ಕೊನೆಗೆ. ಮೊದಲ ಬೇಸಿಗೆ ದಾಟಬೇಕಾದ ಎಳೆಗಿಡಕ್ಕೆ ನೀರು ಬೇಕೇ ಬೇಕಾದ ಏಳು ವಾರಗಳೂ ಅವೇ. ತಿರುಗಿ ಬಂದಾಗ ಮಗುವಿನ ಹೆಸರಿನ ಹಲಗೆ ಇರುತ್ತದೆ, ಪಕ್ಕದಲ್ಲಿ ಒಣಕಡ್ಡಿ. 2024ರಿಂದ ತಾಯಿಯ ಹೆಸರಿನಲ್ಲಿ ಒಂದು ಗಿಡ ಎಂಬ ಅಭಿಯಾನವೂ ನಡೆದಿದೆ. ಅಮ್ಮನ ಹೆಸರಿಟ್ಟು ನೆಟ್ಟ ಗಿಡ ಒಣಗಿ ನಿಂತರೆ ಆ ಮಗುವಿಗೆ ಏನೆಂದು ಹೇಳುತ್ತೀರಿ?

ಸಾಲುಮರದ ತಿಮ್ಮಕ್ಕನ ಬಗ್ಗೆ ನಮ್ಮ ಮಕ್ಕಳು ಪ್ರತಿವರ್ಷ ಪ್ರಬಂಧ ಬರೆಯುತ್ತಾರೆ. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಆಕೆ ಮತ್ತು ಪತಿ ಚಿಕ್ಕಯ್ಯನವರು ನೆಟ್ಟ ಆಲಗಳು ಬದುಕಿದ್ದು ಕೊಡದಲ್ಲಿ ಹೊತ್ತ ನೀರಿನಿಂದ, ಸುತ್ತ ಕಟ್ಟಿದ ಮುಳ್ಳಿನಿಂದ. ನಾವು ಮರಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ ಕೊಡವನ್ನು ಬಿಟ್ಟುಬಿಟ್ಟಿದ್ದೇವೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಲೆಕ್ಕ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನಿಗೆ ಹಣ ಸಿಗುವುದು ಬದುಕಿ ಉಳಿದ ಗಿಡಕ್ಕೆ, ಮೂರು ವರ್ಷಗಳಲ್ಲಿ ಗಿಡವೊಂದಕ್ಕೆ ಒಟ್ಟು 125 ರೂಪಾಯಿ. ಶಾಲೆಯಿಂದ ಕೇಳುವುದು ನೆಟ್ಟವು ಎಷ್ಟು ಎಂಬುದನ್ನು ಮಾತ್ರ. ಒಮ್ಮೆ ನಾನು ವರದಿಯಲ್ಲಿ "ನೆಟ್ಟಿದ್ದು 100, ಉಳಿದಿದ್ದು 11" ಎಂದು ಬರೆದೆ. ಮೇಲಧಿಕಾರಿಯೊಬ್ಬರು ಕರೆಸಿ, ಎರಡನೆಯ ಸಂಖ್ಯೆ ಕೇಳಿದವರು ಯಾರು ಎಂದು ಗದರಿದರು. ಅದು ಹೋಗಲಿ. ನನಗೆ ಇಂದಿಗೂ ನೋವಾಗುವುದು ಈ ಸಂಘದ ನಡೆಯಿಂದ. ಹಿಂದೊಂದು ಸಮಾವೇಶದಲ್ಲಿ ಜೂನ್ 5ಕ್ಕೆ ನೆಡುವುದು ಬೇಡ, ಅಂದು ಹಿಂದಿನ ವರ್ಷದ ಗಿಡ ಎಣಿಸೋಣ ಎಂಬ ನಿರ್ಣಯ ತಂದೆ. ಫೋಟೊ ಕಳಿಸದಿದ್ದರೆ ನೋಟಿಸ್ ಬರುತ್ತದೆ ಎಂದು ನೀವೇ ಅದನ್ನು ಬೀಳಿಸಿದಿರಿ. ಕೈಯೆತ್ತಿದವರಲ್ಲಿ ಕೆಲವರು ಇಲ್ಲೇ ಇದ್ದೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಅದೇ ನಿರ್ಣಯವನ್ನು ಇಂದು ಮತ್ತೆ ಮಂಡಿಸುತ್ತಿದ್ದೇನೆ.

ಹಾಗಾದರೆ ನೆಡುವುದು ಯಾವಾಗ, ಹೇಗೆ? ಏಪ್ರಿಲ್ ರಜೆಗೆ ಮುಂಚೆಯೇ ಎರಡಡಿ ಗುಂಡಿ ತೋಡಿಡಿ. ಆರಿದ್ರಾ ಕಳೆದು ನೆಲ ಒಂದಡಿ ಆಳಕ್ಕೆ ನೆಂದ ಮೇಲೆ ನೆಡಿ. ಅದು ಜುಲೈಯೋ ಆಗಸ್ಟೋ, ಆಯಾ ಊರಿನ ಮಳೆ ಹೇಳಲಿ. ನಲವತ್ತು ಮಕ್ಕಳ ಶಾಲೆಗೆ ಹತ್ತು ಗಿಡ ಸಾಕು: ಬೇವು, ಹೊಂಗೆ, ಹುಣಸೆ, ನೇರಳೆ. ಬಿಸಿಯೂಟದ ತಟ್ಟೆ ತೊಳೆದ ನೀರು ಚರಂಡಿಗೆ ಹೋಗುತ್ತಿದೆ, ಒಂದು ಕಾಲುವೆ ಕೆತ್ತಿ ಪಾತಿಗೆ ತಿರುಗಿಸಿ. ರಜೆಯಲ್ಲಿ ಶಾಲೆಯ ಅಕ್ಕಪಕ್ಕದ ಮನೆಯ ಮಕ್ಕಳಿಗೆ ಪಾಳಿ ಹಾಕಿ, ಅವರ ಹೆಸರನ್ನು ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಓದಿ. ಜಿಲ್ಲೆಯ ಪ್ರತಿ ಶಾಲೆಗೂ ಗಿಡಗಳಿಗೆಂದೇ ಬೇರೆ ನಲ್ಲಿ, ನೋಡಿಕೊಳ್ಳಲು ಒಬ್ಬ ಮಾಲಿ ಬರಲಿ ಎಂಬ ಆಸೆಯೂ ನನಗಿದೆ. ಯಾವಾಗ ಬರುತ್ತದೋ, ಕೇಳುತ್ತಲೇ ಇರುತ್ತೇನೆ.

ಪ್ಲಾಸ್ಟಿಕ್ ಬೇರೆ ವಿಷಯವೇನಲ್ಲ, ಆ ಗುಂಡಿಯಲ್ಲೇ ಸತ್ತ ಗಿಡ, ಚೀಲ ಎರಡೂ ಒಟ್ಟಿಗೆ ಸಿಕ್ಕವು. 2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆ, ಫ್ಲೆಕ್ಸ್ ನಿಷೇಧಿಸಿದಾಗಲೂ ಇಲಾಖೆಗಳ ನರ್ಸರಿ ಚೀಲಕ್ಕೆ ವಿನಾಯಿತಿ ಕೊಟ್ಟಿತು. ಹಾಗಾಗಿ ಸಸಿಯೊಂದಿಗೆ ಬಂದ ಚೀಲವನ್ನು ಎಣಿಸಿ, ಹರಿದು ತೆಗೆದು, ನರ್ಸರಿಗೇ ಹಿಂತಿರುಗಿಸುವುದು ನಮ್ಮ ಕೆಲಸ. ನೂರು ಸಸಿ ತಂದವರು ನೂರು ಚೀಲ ಕೊಟ್ಟು ಬರಬೇಕು. ಪರಿಸರ ದಿನಕ್ಕೆ ಫ್ಲೆಕ್ಸ್ ಕಟ್ಟಬೇಡಿ, ಕಪ್ಪು ಹಲಗೆ ಇದೆ. ಕುರುಕಲು ತಿಂಡಿಯ ಬೆಳ್ಳಿ ಬಣ್ಣದ ಪೊಟ್ಟಣ ಹಲವು ಪದರದ್ದು, ಗುಜರಿಯವರೂ ಮುಟ್ಟುವುದಿಲ್ಲ. ಅದನ್ನು ಒಣಎಲೆಯ ಜೊತೆ ಶಾಲೆಯ ಹಿಂದೆ ಸುಡುವ ಅಭ್ಯಾಸ ಇವತ್ತೇ ನಿಲ್ಲಬೇಕು, ಆ ಹೊಗೆ ಹೋಗುವುದು ಮಕ್ಕಳ ಎದೆಗೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನಿದೆ. ಈ ಪೊಟ್ಟಣಗಳಿಗೂ ಅಂಥದೊಂದು ಗೆರೆ ಎಳೆಯಲಿ ಎಂದು ಸರ್ಕಾರವನ್ನು ಕೇಳೋಣ. ಅಲ್ಲಿಯವರೆಗೆ ಶೇಂಗಾ ಚಿಕ್ಕಿ, ಹುರಿಗಡಲೆಯನ್ನು ಕಾಗದದಲ್ಲಿ ಕಟ್ಟಿ ಮಾರುವಂತೆ ಗೇಟಿನ ಮುಂದಿನ ಅಂಗಡಿಯವರ ಹತ್ತಿರ ನೀವೇ ಹೋಗಿ ಮಾತಾಡಿ.

ಮಧ್ಯಾಹ್ನ ನಿರ್ಣಯ ಮತಕ್ಕೆ ಬರುತ್ತದೆ. ನೀವು ಏನೇ ತೀರ್ಮಾನಿಸಿ, ಮುಂದಿನ ಸಮಾವೇಶಕ್ಕೆ ಬರುವಾಗ ಒಂದು ಚೀಟಿ ತನ್ನಿ. ಬೇಸಿಗೆ ರಜೆ ಮುಗಿದು ಬೀಗ ತೆಗೆದ ದಿನ ನಿಮ್ಮ ಶಾಲೆಯಲ್ಲಿ ಬದುಕಿದ್ದ ಗಿಡಗಳ ಸಂಖ್ಯೆಯನ್ನು ಮಕ್ಕಳ ಕೈಯಿಂದಲೇ ಅದರಲ್ಲಿ ಬರೆಸಿರಿ. ಸೊನ್ನೆಯಾಗಿದ್ದರೆ ಸೊನ್ನೆ ಎಂದೇ ಬರೆಸಿ ತನ್ನಿ.