ಒಂದು ಲೋಟ ನೀರು



ಲೋಟವು ಅತಿ ಸಾಮಾನ್ಯವಾದ ವಸ್ತು. ಬೆಳಗಿನಿಂದ ರಾತ್ರಿಯವರೆಗೆ ಎಷ್ಟು ಸಲ ಅದನ್ನು ಕೈಗೆತ್ತಿಕೊಳ್ಳುತ್ತೇವೆಂಬುದರ ಲೆಕ್ಕವನ್ನು ನಾವಿಡುವುದಿಲ್ಲ. ಆದರೂ ಒಂದು ಮನೆಯ, ಒಂದು ಊರಿನ ನಡತೆಯನ್ನು ಅರಿಯಬೇಕಾದರೆ, ಅಲ್ಲಿ ಲೋಟವನ್ನು ಯಾರಿಗೆ, ಹೇಗೆ ಕೊಡುತ್ತಾರೆಂಬುದನ್ನು ಗಮನಿಸಿದರೆ ಸಾಕು.

ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಬೆಲ್ಲ ಮತ್ತು ನೀರನ್ನು ಕೊಟ್ಟು, ಬಳಿಕ ಕ್ಷೇಮಸಮಾಚಾರ ವಿಚಾರಿಸುವುದು ನಮ್ಮ ನಾಡಿನ ಹಳೆಯ ಪದ್ಧತಿ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಲೋಟ, ಚೆಂಬುಗಳ ಮೇಲೆ ಕೊಟ್ಟವರ ಹೆಸರನ್ನು ಕೆತ್ತಿಸುವುದುಂಟು. ಕೊಟ್ಟವರು ಗತಿಸಿದ ಮೇಲೂ ಅವರ ನೆನಪು ಅಡಿಗೆಮನೆಯ ಹಲಗೆಯ ಮೇಲೆ ಉಳಿದಿರುತ್ತದೆ. ಹೀಗೆ ಲೋಟವು ಆದರದ ಗುರುತು, ಬಾಂಧವ್ಯದ ಗುರುತು.

ಅದೇ ಲೋಟವು ಮನುಷ್ಯರ ನಡುವೆ ಬೇಲಿಯೂ ಆಗಿದೆ. ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ. ಅದರ ಸ್ಥಳ ಅಂಗಡಿಯ ಹೊರಗೆ. ಕುಡಿದವರೇ ಅದನ್ನು ತೊಳೆದಿಡಬೇಕು. ಕೆಲವೆಡೆ ಅದೂ ಇಲ್ಲದೆ, ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಮಹಾರಾಷ್ಟ್ರದ ಮಹಾಡ್ ಪಟ್ಟಣದ ಪುರಸಭೆಯು ಅಲ್ಲಿನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಲು ನಿರ್ಣಯಿಸಿತ್ತು. ಆದರೆ ನಿರ್ಣಯವು ಕಾಗದದಲ್ಲೇ ಉಳಿದಿತ್ತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕುಡಿದರು. ಅವರು ತೀರಿಸಿಕೊಳ್ಳಹೊರಟದ್ದು ಬರಿಯ ಬಾಯಾರಿಕೆಯನ್ನಲ್ಲ. ಮನುಷ್ಯರೆನಿಸಿಕೊಳ್ಳುವ ಹಕ್ಕನ್ನು ಅವರು ಕೇಳಿದ್ದರು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಕಾನೂನು ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. 1976ರಲ್ಲಿ ಆ ಕಾನೂನನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಇಷ್ಟಾದರೂ ಎರಡು ಲೋಟಗಳ ಪದ್ಧತಿಯ ಸುದ್ದಿ ಕೆಲವು ಊರುಗಳಿಂದ ಇಂದಿಗೂ ಬರುತ್ತಲೇ ಇದೆ. ಕೆಲವೆಡೆ ಹಳೆಯ ಲೋಟದ ಜಾಗಕ್ಕೆ ಬಿಸಾಡುವ ಕಾಗದದ ಲೋಟ ಬಂದಿದೆ. ಎಲ್ಲರಿಗೂ ಅದನ್ನೇ ಕೊಟ್ಟರೆ ಅದು ಅನುಕೂಲ. ಕೆಲವರಿಗೆ ಮಾತ್ರ ಕೊಟ್ಟರೆ ಅದು ಹಳೆಯ ಬೇಲಿಯೇ.

ದೂರದ ಊರಿನ ಮಾತು ಹಾಗಿರಲಿ. ಅಂಗಳ ಗುಡಿಸುವವರಿಗೆ, ತೋಟದ ಕೆಲಸಕ್ಕೆ ಬರುವವರಿಗೆ ನಮ್ಮ ಮನೆಗಳಲ್ಲಿ ಯಾವ ಲೋಟ ಮೀಸಲಾಗಿದೆ? ಒಳಗಿನ ಹಲಗೆಯದೇ, ಹಿತ್ತಿಲ ಕಿಟಕಿಯ ಮೇಲಿನದೇ? ಈ ಪ್ರಶ್ನೆಗೆ ಉತ್ತರಿಸಲು ನ್ಯಾಯಾಲಯ ಬೇಕಿಲ್ಲ, ಪೊಲೀಸರೂ ಬೇಕಿಲ್ಲ. ಕಾನೂನಿನ ಕೈ ಚಹಾದಂಗಡಿಯವರೆಗೆ ತಲುಪೀತು. ನಮ್ಮ ಅಡಿಗೆಮನೆಯ ಹಲಗೆಯವರೆಗೆ ತಲುಪಬೇಕಾದ ಕೈ ನಮ್ಮದೇ. ಎಲ್ಲ ಲೋಟಗಳನ್ನೂ ಒಂದೇ ಹಲಗೆಯ ಮೇಲೆ ಕವುಚಿಡುವುದು ಸಣ್ಣ ಕೆಲಸ. ಇಂದು ಸಂಜೆಯೇ ನಾವದನ್ನು ಮಾಡಬಹುದು.